ಲಾವಕ್ಕಿಗೆ ಹಾಸಿದ ಹೊಟ್ಟು

ಆ ಲಾವಕ್ಕಿಗಳು ಚಿಕ್ಕಯ್ಯನ ಲೈನ್ ಮನೆಗೆ ಬಂದದ್ದು ಸಾರಾಗಲೆಂದೇ. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ರಸ್ತೆಯಲ್ಲಿ, ಟಾರು ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಕಾಫಿ ಎಸ್ಟೇಟಿನ ಆಳುಗಳ ಸಾಲುಮನೆಗಳಲ್ಲಿ ಒಂದು ಅದು. ಸಾಹುಕಾರರಾದ ಚಂದ್ರಶೇಖರ ಗೌಡರ ಮಗ ದಿಲೀಪ ಎಲ್ಲಿಂದಲೋ ಸಾಕುವ ಲಾವಕ್ಕಿಯ ಮರಿಗಳನ್ನು ತಂದು, ಪೇಟೆಯ ಹೋಟೆಲುಗಳಿಗೆ ಮಾರುತ್ತೇನೆಂದು ಹುಮ್ಮಸ್ಸಿನಿಂದ ಸಾಕಿದ. ಹುಮ್ಮಸ್ಸು ಒಂದು ಬೇಸಿಗೆಯಷ್ಟೇ ಬಾಳಿತು. ಮಿಕ್ಕ ಹಕ್ಕಿಗಳನ್ನು ಆಳುಗಳಿಗೆ ಹಂಚಿದಾಗ ಚಿಕ್ಕಯ್ಯನ ಪಾಲಿಗೂ ಒಂದು ಬುಟ್ಟಿ ಬಂತು. ಅವನ ಹೆಂಡತಿ ಮುತ್ತಮ್ಮ ಬುಟ್ಟಿ ಕಂಡದ್ದೇ ತಡ, ಒರಳು ತೊಳೆದು ಮಸಾಲೆ ಅರೆಯಲು ಕೂತಳು.

ಚಿಕ್ಕಯ್ಯ ಬುಟ್ಟಿಯೊಳಗೆ ಕೈ ಹಾಕಿ ಒಂದನ್ನು ಹಿಡಿದ. ತರಗೆಲೆಯ ಬಣ್ಣದ, ಮುಷ್ಟಿಯಷ್ಟು ದಪ್ಪದ ಹೆಣ್ಣು. ಅದರ ಎದೆ ಅವನ ಬೆರಳುಗಳ ನಡುವೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವನು ಹಿಡಿದುಕೊಂಡು ನಿಂತಿದ್ದಂತೆಯೇ ಅಂಗೈಯಲ್ಲಿ ಏನೋ ಬಿಸಿಯಾಯಿತು. ನೋಡಿದರೆ ಮೊಟ್ಟೆ. ಯಾರೋ ಕಾಫಿ ಡಿಕಾಕ್ಷನ್ ಚಿಮುಕಿಸಿದ ಹಾಗೆ ಮೈತುಂಬ ಕಂದು ಚುಕ್ಕೆ. ಚಿಕ್ಕಯ್ಯ ಅದನ್ನು ಹೆಂಡತಿಗೆ ತೋರಿಸಿದ. ಅವಳು ಅರೆಯುವುದನ್ನು ನಿಲ್ಲಿಸಿ ನೋಡಿದಳು.

“ಬಾಣಂತೀನ ಕೊಯ್ಯಾಕ್ ಆಗ್ತದ ಮಾರಾಯ್ತಿ,” ಎಂದ ಅವನು.

“ಮತ್ತೆ ಅರ್ದಿರೋ ಮಸಾಲೆ ಎಂತ ಮಾಡೂದು?”

ಅವತ್ತು ಆ ಮಸಾಲೆ ಬದನೆಕಾಯಿಗೆ ಬಿತ್ತು. ಲೈನಿನ ಇತರ ಮನೆಗಳಿಂದ ಹಕ್ಕಿಸಾರಿನ ಘಮ ಬರುತ್ತಿದ್ದರೆ, ಗಂಡಹೆಂಡಿರು ಬದನೆಕಾಯಿ ಉಂಡು, ಹಕ್ಕಿಗಳಿಗೆ ರಾಗಿ ಚೆಲ್ಲಿದರು. ಲೈನಿನವರು ಇದನ್ನು ಹೇಳಿಕೊಂಡು ಬಹಳ ಕಾಲ ನಕ್ಕರು.

ಚಿಕ್ಕಯ್ಯ ಆ ಎಸ್ಟೇಟಿನ ಹಲ್ಲರ್ ಆಳು. ಬೆಳೆಗಾರರು ತಮ್ಮ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು ಎಂದಾದ ಮೇಲೆ, ತೊಂಬತ್ತಾರು ತೊಂಬತ್ತೇಳರ ಸುಮಾರಿಗೆ, ಸಾಹುಕಾರರು ಒಣಗಿದ ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್ ಎಂಬ ಸಣ್ಣ ಯಂತ್ರವೊಂದನ್ನು ತರಿಸಿದ್ದರು. ಅದನ್ನು ಓಡಿಸಲು ಕಲಿತವನು ಚಿಕ್ಕಯ್ಯ. ಒಂದು ಕಡೆಯಿಂದ ಕಾಳು, ಇನ್ನೊಂದು ಕಡೆಯಿಂದ ಹೊಟ್ಟು. ಅದರ ಸದ್ದು ಕೇಳಿಯೇ ಬೆಲ್ಟ್ ಸಡಿಲವಾಗಿದೆಯೋ, ಕಲ್ಲು ಸಿಕ್ಕಿದೆಯೋ, ಕಾಫಿ ಹಣ್ಣು ಸರಿಯಾಗಿ ಒಣಗಿಲ್ಲವೋ ಹೇಳುತ್ತಿದ್ದ. ಯಂತ್ರವಿಟ್ಟಿದ್ದ, ಕಿಟಕಿ ಇಲ್ಲದ ಶೆಡ್ಡಿನಿಂದ ಸಂಜೆ ಹೊರಗೆ ಬಂದರೆ ರೆಪ್ಪೆ, ಹುಬ್ಬು, ಮೀಸೆ ಎಲ್ಲ ಧೂಳಿನ ಒಂದೇ ಬಣ್ಣ. ಕೆಮ್ಮು ಬರುತ್ತಿತ್ತು. ಅದಕ್ಕೆ ‘ಹಲ್ಲರ್ ಕೆಮ್ಮು’ ಎಂದು ಹೆಸರೂ ಇತ್ತು. ಮೇಸ್ತ್ರಿಗೆ ಕೊಡೆ ಇದ್ದ ಹಾಗೆ ಹಲ್ಲರ್ ಆಳಿಗೆ ಕೆಮ್ಮು ಎಂದು ಎಲ್ಲರೂ ತಿಳಿದಿದ್ದರು. ಚಿಕ್ಕಯ್ಯನೂ ಹಾಗೆಯೇ ತಿಳಿದಿದ್ದ.

ಹಕ್ಕಿಗಳಿಗೆ ಗೂಡು ಮಾಡುವಾಗ ಅವನು ತನಗೆ ಗೊತ್ತಿದ್ದ ಸಾಮಾನುಗಳಿಗೇ ಕೈ ಹಾಕಿದ. ಪಾರ್ಚ್‌ಮೆಂಟ್ ಕಾಫಿಬೀಜ ಒಣಗಿಸಿ ಹಳತಾದ ಜಾಲರಿಯ ತಟ್ಟೆಗಳನ್ನು ಸುತ್ತ ನಿಲ್ಲಿಸಿ ಕಟ್ಟಿದ. ಲಾವಕ್ಕಿ ಬೆದರಿದರೆ ನೆಟ್ಟಗೆ ಮೇಲಕ್ಕೆ ಚಿಮ್ಮಿ ತಲೆ ಒಡೆದುಕೊಳ್ಳುತ್ತದೆ ಎಂದು ದಿಲೀಪ ಹೇಳಿದ್ದನಾದ್ದರಿಂದ, ಮೇಲೆ ಹಲಗೆ ಹಾಕದೆ ಮೆತ್ತಗಿನ ಗೋಣಿತಾಟು ಹೊದಿಸಿದ. ಕೆಳಗೆ ಹಾಸಲು ಹೊಟ್ಟು. ಎಸ್ಟೇಟಿನಲ್ಲಿ ಹೊಟ್ಟಿಗೆ ಆಗದ ಕೆಲಸವಿಲ್ಲ. ಬಚ್ಚಲೊಲೆಗೆ ಅದೇ, ಕೊಟ್ಟಿಗೆಗೆ ಅದೇ, ಗೊಬ್ಬರಕ್ಕೂ ಅದೇ. ತನ್ನ ಯಂತ್ರದಿಂದ ಬಂದ ಹೊಟ್ಟನ್ನು ಚೀಲದಲ್ಲಿ ತುಂಬಿ ತಂದು, ಅಂಗೈಯಲ್ಲಿ ಸವರಿ ಸಮ ಮಾಡಿ, ಮಗುವನ್ನು ಮಲಗಿಸುವ ಹಾಗೆ ಒಂದೊಂದೇ ಹಕ್ಕಿಯನ್ನು ಇಳಿಸಿದ. ಮಿಕ್ಕ ಚೀಲಗಳನ್ನು ಹಿಂದಿನ ಗೋಡೆಗೆ ಒರಗಿಸಿಟ್ಟ.

ಅವರಿಗಿದ್ದದ್ದು ಒಬ್ಬಳೇ ಮಗಳು, ಭವ್ಯಾ. ವಸ್ತಾರೆಗೆ ಕೊಟ್ಟಿದ್ದರು. ಅವಳು ಹೋದ ಮೇಲೆ ಗಂಡಹೆಂಡಿರ ನಡುವೆ ಮಾತು ಅಕ್ಕಿ, ಸೌದೆಗಳ ಸುತ್ತಲೇ ತಿರುಗುತ್ತಿತ್ತು. ಈಗ ಹಕ್ಕಿಗಳು ಬಂದು ಮಾತಿಗೆ ಹೊಸ ಬಾಗಿಲು ತೆರೆದ ಹಾಗಾಯಿತು. ಇವತ್ತು ಯಾವುದು ಮೊಟ್ಟೆ ಇಟ್ಟಿತು, ಯಾವುದು ಯಾವುದನ್ನು ಕುಕ್ಕಿತು, ಇದ್ದ ಒಂದೇ ಗಂಡು ಎಷ್ಟು ಜೋರು ಮಾಡಿತು. ಆ ಗಂಡಿನ ಕೂಗು ಮೈಗಿಂತ ದೊಡ್ಡದು. ಕತ್ತು ಚಾಚಿ ಕೂಗಿದರೆ ಲೈನಿನ ಕೊನೆ ಮನೆಗೂ ಕೇಳುತ್ತಿತ್ತು. ಮುತ್ತಮ್ಮ ಅದನ್ನು ‘ಮೇಸ್ತ್ರಿ’ ಎನ್ನುತ್ತಿದ್ದಳು.

ಎರಡನೆಯ ವರ್ಷದ ಪುನರ್ವಸು ಮಳೆಯಲ್ಲಿ ಮೇಸ್ತ್ರಿಯ ಕೂಗು ನಿಂತಿತು.

ಮೊದಲು ಯಾರಿಗೂ ಅನುಮಾನ ಬರಲಿಲ್ಲ. ಹಗಲೂ ಕತ್ತಲೆಯಂತಿದ್ದ ಮಳೆ, ಕೋಳಿಗಳೇ ಕೂಗಲು ಸೋಮಾರಿತನ ಮಾಡುತ್ತಿದ್ದವು. ಆಮೇಲೆ ಒಂದು ಹೆಣ್ಣು ಬೇರೆಯವುಗಳಿಂದ ದೂರ ಸರಿದು ಮೂಲೆ ಹಿಡಿಯಿತು. ಪುಕ್ಕ ಕೆದರಿ, ಕಣ್ಣು ಅರೆ ಮುಚ್ಚಿ, ರಾಗಿ ಮುಂದಿದ್ದರೂ ಮುಟ್ಟದೆ ಕೂತಿತು. ಮಾರನೆಯ ಬೆಳಿಗ್ಗೆ ಅದರ ಕೊಕ್ಕು ತೆರೆದೇ ಇತ್ತು. ಪ್ರತಿ ಉಸಿರಿಗೂ ಬಾಲ ಏರುತ್ತ ಇಳಿಯುತ್ತ ಇತ್ತು.

“ಥಂಡಿ,” ಎಂದ ಚಿಕ್ಕಯ್ಯ.

ಮಲೆನಾಡಿನಲ್ಲಿ ಆಷಾಢದಲ್ಲಿ ಯಾರಿಗೆ ಏನಾದರೂ ಮೊದಲು ಬಾಯಿಗೆ ಬರುವ ಮಾತು ಅದು. ಥಂಡಿ ಎಂದ ಮೇಲೆ ಬೆಚ್ಚಗೆ ಮಾಡಬೇಕು. ಹಿಂದಿನ ಗೋಡೆಗೆ ಒರಗಿಸಿದ್ದ ಚೀಲ ಬಿಚ್ಚಿ ಇನ್ನಷ್ಟು ಹೊಟ್ಟು ತಂದು ಗೂಡಿಗೆ ಗೇಣು ದಪ್ಪ ಹಾಸಿದ. ಗಾಳಿ ನುಸುಳದಂತೆ ಸುತ್ತ ಗೋಣಿತಾಟು ಬಿಗಿದ. ಒಡೆದ ಬಾಣಲೆಯಲ್ಲಿ ಕೆಂಡ ತುಂಬಿ ಪಕ್ಕದಲ್ಲಿಟ್ಟ. ಮುತ್ತಮ್ಮ ಮೆಣಸು, ತುಳಸಿ, ಶುಂಠಿ ಕುದಿಸಿ ಕಷಾಯ ಮಾಡಿದಳು. ಅವನು ಕೊಕ್ಕು ಬಿಡಿಸಿ ಹಿಡಿದರೆ ಅವಳು ಹತ್ತಿಯಿಂದ ಹಿಂಡಿದಳು. ಹಕ್ಕಿ ತಲೆ ಕೊಡವಿ ಇನ್ನೂ ಅಗಲವಾಗಿ ಬಾಯಿ ತೆರೆಯಿತು.

ಎಷ್ಟು ಬೆಚ್ಚಗೆ ಮಾಡಿದರೋ ಅಷ್ಟು ಹಕ್ಕಿಗಳು ಮೂಲೆಗೆ ಸೇರಿದವು. ಮೇಸ್ತ್ರಿಯೂ ಬಾಯಿ ತೆರೆಯಿತು. ಮೊದಲು ಮೂಲೆ ಹಿಡಿದಿದ್ದ ಹೆಣ್ಣು, ಚಿಕ್ಕಯ್ಯ ಮಾರನೆಯ ಬೆಳಿಗ್ಗೆ ತಾಟು ಸರಿಸಿದಾಗ, ಹೊಟ್ಟಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಎತ್ತಿಕೊಂಡರೆ ಗರಿಯಷ್ಟೇ ಭಾರ. ಅವನ ಕೈಯಲ್ಲಿ ಮೊಟ್ಟೆ ಇಟ್ಟಿದ್ದ ಹಕ್ಕಿ ಅದೇ ಎಂದು ಅವನಿಗೆ ಗೊತ್ತಿತ್ತು. ಹೆಂಡತಿಗೂ ಗೊತ್ತಿತ್ತು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುರೇಂದ್ರ ಆ ದಾರಿಯಾಗಿ ಬಂದವನು ಇಣುಕಿ ನೋಡಿದ. ಬಾಯಿ ಸುಮ್ಮನಿರುವ ಜಾತಿಯಲ್ಲ ಅವನದು. ಅವತ್ತೇ ಸಾರು ಮಾಡಿದ್ದರೆ ತನಗೂ ಒಂದು ಲೋಟ ಸಿಗುತ್ತಿತ್ತು ಎಂದು ಶುರು ಮಾಡಿದ. ಮುತ್ತಮ್ಮನ ಮುಖ ನೋಡಿ ಮಾತು ಅಲ್ಲಿಗೇ ನುಂಗಿದ. ಸ್ವಲ್ಪ ಹೊತ್ತು ಗೂಡಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಡೀಸೆಲ್ ತರಲು ಜೀಪು ಮೂಡಿಗೆರೆಗೆ ಹೊರಟಿದೆ ಎಂದ. ದನದ ಆಸ್ಪತ್ರೆಗೆ ಹೊಸದಾಗಿ ಡಾಕ್ಟರಮ್ಮ ಬಂದಿದ್ದಾರಂತೆ, ಜೀಪು ಹತ್ತು ಎಂದ.

“ಲಾವಕ್ಕಿ ಹಿಡ್ಕಂಡು ಹೋದ್ರೆ ನಗಲ್ವ ರೈಟ್ರೆ?”

“ನಗ್ಲಿ ಬಿಡು ಮಾರಾಯ. ನಾನು ದಿನಾ ನಗಲ್ವ ನಿನ್ನ ನೋಡಿ? ಸತ್ತಿದ್ನೂ ಹಾಕ್ಕೊ. ಅವ್ರಿಗೆ ಅದೇ ಬೇಕಾಗ್ತದೆ.”

ಬುಟ್ಟಿಯ ತಳಕ್ಕೆ ಹೊಟ್ಟು ಹಾಸಿ, ಕಾಯಿಲೆಯ ಹಕ್ಕಿಗಳನ್ನು ಕೂರಿಸಿ, ಸತ್ತದ್ದನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಚಿಕ್ಕಯ್ಯ ಜೀಪು ಹತ್ತಿದ. ದಾರಿಯುದ್ದಕ್ಕೂ ಬುಟ್ಟಿ ತೊಡೆಯ ಮೇಲಿತ್ತು. ಜೀಪು ಗುಂಡಿಗೆ ಬಿದ್ದಾಗಲೆಲ್ಲ ಅವನು ತಾನೇ ಸ್ವಲ್ಪ ಮೇಲೆದ್ದು ಕುಲುಕಾಟವನ್ನು ಮೊಣಕಾಲಿಗೆ ತೆಗೆದುಕೊಂಡ.

ಆಸ್ಪತ್ರೆಯ ಜಗುಲಿಯಲ್ಲಿ ಕಾಲು ಮುರಿದ ಕರು, ಯಾರದೋ ಬಂಗಲೆಯ ನಾಯಿ. ಅವುಗಳ ನಡುವೆ ಬುಟ್ಟಿ. ಡಾಕ್ಟರ್ ಸರ್ವಮಂಗಳಾ ನಡುವಯಸ್ಸಿನವರು, ದಾವಣಗೆರೆ ಕಡೆಯವರು, ಮಾತು ಕಡಿಮೆ. ಲಾವಕ್ಕಿ ಎಂದಾಗ ನಗಲಿಲ್ಲ. ತಾನು ಕೋಳಿ ನೋಡಿದ್ದೇನೆ, ಲಾವಕ್ಕಿ ಯಾರೂ ತಂದಿರಲಿಲ್ಲ, ಆದರೆ ನೋಡೋಣ ಎಂದರು. ಏನು ತಿನ್ನುತ್ತವೆ, ಹಿಕ್ಕೆಯ ಬಣ್ಣ ಯಾವುದು, ಎಲ್ಲವೂ ಒಟ್ಟಿಗೆ ಮಲಗಿದವೋ ಒಂದಾದ ಮೇಲೆ ಒಂದೋ, ಹೀಗೆ ಕೇಳುತ್ತ ಹೋದರು. ಕಷಾಯದ ಸುದ್ದಿ ಬಂದಾಗ ಮಾತ್ರ ತಲೆ ಎತ್ತಿ, ಬಾಯಿಬಿಟ್ಟು ಉಸಿರಾಡುವ ಹಕ್ಕಿಯ ಗಂಟಲಿಗೆ ಏನನ್ನೂ ಹಿಂಡಬಾರದು, ಅದು ಉಸಿರಿನ ದಾರಿಗೆ ಹೋಗುತ್ತದೆ ಎಂದರು. ಗದರಿಸಲಿಲ್ಲ.

“ಉಸ್ರಾಡುವಾಗ ಗೊರಗೊರ ಅಂತ ಸದ್ದು ಬರ್ತೇತೇನು?”

ಚಿಕ್ಕಯ್ಯ ಮೇಸ್ತ್ರಿಯನ್ನು ಎತ್ತಿ ಕಿವಿಗೆ ಹಿಡಿದ. ಕಣ್ಣು ಮುಚ್ಚಿಕೊಂಡು ಕೇಳಿದ, ಹಲ್ಲರಿಗೆ ಕಿವಿಕೊಡುವ ಹಾಗೆ.

“ಇಲ್ಲ ಡಾಕ್ಟ್ರಮ್ಮ. ಎಳೀತದೆ, ಆದ್ರೆ ಸದ್ದಿಲ್ಲ. ಗಾಳಿ ಹೋಗೋ ದಾರೀನೇ ಕಟ್ಟಿದಂಗೆ.”

ಶೀತವಾದ ಕೋಳಿಗೆ ಎದೆಯಲ್ಲಿ ಸದ್ದು ಬರುತ್ತದೆ, ಮೂಗು ಸೋರುತ್ತದೆ. ಸದ್ದೇ ಇಲ್ಲದೆ ಬಾಯಿ ತೆರೆಯುವುದು ಬೇರೆ ಕಾಯಿಲೆ ಇರಬಹುದು ಎಂದು ಡಾಕ್ಟರಮ್ಮ ಹೇಳಿದರು. ಸತ್ತ ಹಕ್ಕಿಯನ್ನು ಕೊಯ್ದು ನೋಡಲೇ ಎಂದು ಅವನನ್ನೇ ಕೇಳಿದರು. ಅವನು ಹೂಂ ಎಂದು ತಲೆಯಾಡಿಸಿದ. ಬೇಕಾದರೆ ಹೊರಗಿರಿ ಎಂದರೂ ಹೋಗಲಿಲ್ಲ. ಅವರು ಕತ್ತರಿಯ ತುದಿಯಿಂದ ಎದೆ ಬಿಡಿಸಿ, ಗುಲಾಬಿ ಬಣ್ಣದ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಶ್ವಾಸಕೋಶವನ್ನು ತೋರಿಸಿದರು. ಅದರ ತುಂಬ ರವೆ ಚೆಲ್ಲಿದ ಹಾಗೆ ಹಳದಿ ಬಿಳುಪಿನ ಕಾಳುಗಳು.

“ಇದು ಬೂಷ್ಟು. ಉಸಿರಿನ್ ಜೊತಿ ಒಳಗೆ ಹೋಗಿ ಅಲ್ಲೇ ಬೆಳೆದೇತಿ. ಕೆಳಗ ಏನು ಹಾಸ್ತೀರಿ ಇವಕ್ಕ?”

ಆ ಪ್ರಶ್ನೆಗೆ ಉತ್ತರ ಕೊಡುವಾಗ ಚಿಕ್ಕಯ್ಯನ ದನಿಯಲ್ಲಿ ಇನ್ನೂ ಹೆಮ್ಮೆಯಿತ್ತು. ಬುಟ್ಟಿಯೊಳಗಿಂದ ಒಂದು ಹಿಡಿ ತೆಗೆದು ಮುಂದೆ ಚಾಚಿದ. ತಮ್ಮ ಹಲ್ಲರಿನದೇ, ಒಳ್ಳೆಯ ಹೊಟ್ಟು, ಹೊಸದಾಗಿ ಹಾಸಿದ್ದು ಎಂದ. ಅವರು ಅದರೊಳಗಿನ ಒಂದು ಗಟ್ಟಿಯನ್ನು ಎರಡು ಬೆರಳಲ್ಲಿ ಒಡೆದರು. ಬೂದಿಯಂಥ ಪುಡಿ ಎದ್ದಿತು. ಅವರು ಸೆರಗು ಮೂಗಿಗೆ ಹಿಡಿದರು. ಚಿಕ್ಕಯ್ಯನಿಗೆ ಕೆಮ್ಮು ಬಂತು.

ಬಂದದ್ದು ಬೇಗ ಹೋಗಲಿಲ್ಲ. ಮೇಜಿನ ಅಂಚು ಹಿಡಿದು, ಬಾಗಿ, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ. ನಿಂತಾಗ ಬಾಯಿ ತೆರೆದು ಉಸಿರೆಳೆದುಕೊಂಡ. ಡಾಕ್ಟರಮ್ಮ ಅವನನ್ನೇ ನೋಡುತ್ತಿದ್ದರು. ಮೇಜಿನ ಮೇಲೆ ಕೊಯ್ದ ಹಕ್ಕಿ, ಬುಟ್ಟಿಯಲ್ಲಿ ಬಾಯಿ ತೆರೆದ ಹಕ್ಕಿ, ಎದುರಿಗೆ ಬಾಯಿ ತೆರೆದ ಅವನು.

“ಈ ಕೆಮ್ಮು ಎಂದಿನಿಂದ?”

“ಅದು ಹಲ್ಲರ್ ಕೆಮ್ಮು. ಇರ್ತದೆ.”

“ನಾನು ದನದ್ ಡಾಕ್ಟ್ರು. ನಿಮಗ ಔಷಧ ಕೊಡಂಗಿಲ್ಲ. ಆದ್ರ ಇವಕ್ಕ ಏನು ಹೇಳ್ತೇನೋ ಅದನ್ನ ನೀವೂ ಕೇಳಿಸ್ಕಳ್ರಿ.”

ಅವರು ಹೇಳಿದ್ದರಲ್ಲಿ ಔಷಧ ಇರಲೇ ಇಲ್ಲ. ಎದೆಯಲ್ಲಿ ಬೂಷ್ಟು ತುಂಬಿದ ಹಕ್ಕಿಗಳು ಉಳಿಯುವುದು ಕಷ್ಟ, ಸುಳ್ಳು ಭರವಸೆ ಕೊಡುವುದಿಲ್ಲ ಎಂದರು. ಇನ್ನೂ ತಿನ್ನುತ್ತಿರುವವನ್ನು ಉಳಿಸಬಹುದು. ಹೊಟ್ಟು ಪೂರ್ತಿ ತೆಗೆಯಬೇಕು, ತೆಗೆಯುವಾಗ ಹಕ್ಕಿಗಳು ಅಲ್ಲಿರಬಾರದು, ತೆಗೆಯುವವನ ಮೂಗಿಗೆ ಒದ್ದೆ ಬಟ್ಟೆ ಇರಬೇಕು. ಗೂಡು ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಬೇಕು. ಬಾಯಿ ತೆರೆದವನ್ನು ಬೇರೆ ಇಡಬೇಕು. ಕೆಳಗೆ ಒಣ ಮರಳು. ಬೆಚ್ಚಗಿರಲಿ, ಆದರೆ ಗಾಳಿ ಆಡಲಿ. ಮೆತ್ತಗಿನ ತಿನಿಸು ಮುಂದಿಡಿ, ನೀರನ್ನು ಕೊಕ್ಕಿನ ಅಂಚಿಗೆ ಮಾತ್ರ ಸೋಕಿಸಿ, ಅದೇ ಕುಡಿಯಲಿ.

ಮನೆಗೆ ಬಂದ ಚಿಕ್ಕಯ್ಯ ಬುಟ್ಟಿ ಕೆಳಗಿಟ್ಟು ಹಿಂಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟ. ಹಿಂದಿನ ಗೋಡೆಯ ಚೀಲಗಳ ತಳ ಮಳೆಯ ಥಂಡಿ ಹೀರಿ ಕಪ್ಪಾಗಿದ್ದದ್ದು ಈಗ ಅವನ ಕಣ್ಣಿಗೆ ಬಿತ್ತು. ದಿನಾ ನೋಡಿದ್ದ ಚೀಲಗಳೇ. ಹೆಂಡತಿಗೆ ಎಲ್ಲ ಹೇಳಿದ. ಥಂಡಿ ಎಂದು ತಾನೇ ಗೇಣು ದಪ್ಪ ಹಾಸಿದ್ದು, ಗಾಳಿ ಬಾರದಂತೆ ತಾನೇ ತಾಟು ಬಿಗಿದದ್ದು, ಇದೇ ಕೈಯಲ್ಲಿ, ಎಂದು ಕೈ ತಿರುಗಿಸಿ ನೋಡಿಕೊಂಡ.

ಮುತ್ತಮ್ಮ ಅವನ ಮುಂದೆ ಒದ್ದೆ ಬಟ್ಟೆ ಹಿಡಿದಳು. “ಕೈಗೆಂತ ಗೊತ್ತಿತ್ತು. ಒಳ್ಳೇದು ಮಾಡಾಕೇ ಹೋಗಿದ್ದು ಅದು. ಈಗ ಅದೇ ಕೈಲಿ ತೆಗೀರಿ, ಏಳಿ.”

ಹೊಟ್ಟು ತೆಗೆಯುವುದು ಸುಲಭವಾಗಿತ್ತು. ಆ ಮಳೆಯಲ್ಲಿ ಒಣ ಮರಳು ತರುವುದೆಲ್ಲಿಂದ? ಹಳ್ಳದ ಮರಳು ನೀರು ಸೋರುತ್ತಿತ್ತು, ಬಿಸಿಲಿನ ಮಾತೇ ಇಲ್ಲ. ಮುತ್ತಮ್ಮ ಅದನ್ನು ಬಾಣಲೆಗೆ ಹಾಕಿ ಒಲೆಯ ಮೇಲೆ ಹುರಿದಳು, ಕಡಲೆ ಹುರಿಯುವ ಹಾಗೆ ಸೌಟಿನಲ್ಲಿ ತಿರುವುತ್ತ. ಬೆಂಕಿ ಕೇಳಲು ಬಂದ ಪಕ್ಕದ ಮನೆಯ ಪ್ರೇಮಕುಮಾರಿ ಇದನ್ನು ಕಂಡು, ಉಪ್ಪು ಖಾರ ಹಾಕಿದ್ದೀಯಾ ಅಕ್ಕ ಎಂದು ಕೇಳಿದಳು. ನಕ್ಕು ಹೋದವಳು ಸಂಜೆ ತನ್ನ ಮನೆಯ ಒಲೆಯ ಮೇಲೂ ಒಂದು ಬಾಣಲೆ ಮರಳು ಹುರಿದು ತಂದು ಕೊಟ್ಟಳು. ಅದಾದ ಮೇಲೆ ಲೈನಿನಲ್ಲಿ ಯಾರ ಮನೆಯ ಒಲೆ ಖಾಲಿ ಇದ್ದರೂ ಅಲ್ಲಿ ಮರಳು ಹುರಿಯತೊಡಗಿತು. ಹಕ್ಕಿಸಾರು ಉಂಡು ಇವರನ್ನು ನೋಡಿ ನಕ್ಕಿದ್ದ ಮನೆಗಳೇ ಅವು.

ಮೇಸ್ತ್ರಿ ಉಳಿಯಲಿಲ್ಲ. ಅದರ ಹಿಂದೆ ಇನ್ನೊಂದು ಹೆಣ್ಣೂ ಹೋಯಿತು. ಚಿಕ್ಕಯ್ಯ ಎರಡನ್ನೂ ಕಿತ್ತಳೆ ಗಿಡದ ಬುಡದಲ್ಲಿ ಮಣ್ಣು ಮಾಡಿದ. ಉಳಿದವುಗಳ ಮುಂದೆ ಗಂಡಹೆಂಡಿರು ಕಾಯುತ್ತ ಕೂತರು. ಮಾಡುವುದಕ್ಕೆ ಏನೂ ಇಲ್ಲದಿದ್ದದ್ದೇ ಕಷ್ಟವಾಗಿತ್ತು. ಹೊದಿಸಬೇಕು, ಕುಡಿಸಬೇಕು, ಮುಚ್ಚಬೇಕು ಎಂದು ಕೈ ತುರಿಸುತ್ತಿತ್ತು. ಸುಮ್ಮನೆ ಗಾಳಿ ಬಿಟ್ಟು ನೋಡುತ್ತಿರುವುದೂ ಆರೈಕೆಯೇ ಎಂಬುದನ್ನು ಕೈಗೆ ಕಲಿಸಬೇಕಾಯಿತು. ಒಂದು ಹಕ್ಕಿಯ ಬಾಲದ ಏರಿಳಿತ ನಿಧಾನವಾಯಿತು. ಇನ್ನೊಂದು ಕೊಕ್ಕು ಮುಚ್ಚಿ ಕೂತಿತು. ನೆನೆಸಿದ ರಾಗಿಹಿಟ್ಟಿನ ಬಟ್ಟಲಿನಲ್ಲಿ ಕೊಕ್ಕಿನ ಗುರುತು ಕಂಡ ಬೆಳಿಗ್ಗೆ ಮುತ್ತಮ್ಮ ಬಟ್ಟಲನ್ನು ಹಾಗೆಯೇ ಎತ್ತಿ ತಂದು ಗಂಡನಿಗೆ ತೋರಿಸಿದಳು.

ಮಖೆ ಮಳೆ ಬಿಟ್ಟುಬಿಟ್ಟು ಹೊಡೆಯುತ್ತಿದ್ದ ದಿನಗಳಲ್ಲಿ, ಅವಳು ಹುರಿದ ಮರಳನ್ನು ಆರಿಸಿ ಉಗುರು ಬೆಚ್ಚಗಿರುವಾಗ ಸುರಿದಳು. ಒಂದು ಹೆಣ್ಣು ಮೆಲ್ಲನೆ ಬಂದು ಅದರಲ್ಲಿ ಹೊಟ್ಟೆ ಊರಿತು. ಮೊದಲು ಒಂದು ರೆಕ್ಕೆ, ಆಮೇಲೆ ಇನ್ನೊಂದು. ನೋಡುನೋಡುತ್ತಿದ್ದಂತೆ ಮೈಯೆಲ್ಲ ಹೊರಳಿಸಿ, ಕಾಲಿಂದ ಎರಚಿ, ಬಗ್ಗಿ ನೋಡುತ್ತಿದ್ದ ಮುತ್ತಮ್ಮನ ಮುಖಕ್ಕೆ ಮರಳು ಹಾರಿಸಿತು. ಕಣ್ಣಿಗೆ ಮರಳು ಬಿದ್ದವಳು ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಆ ಕಣ್ಣೀರಿಗೆ ಮರಳೊಂದೇ ಕಾರಣವಾಗಿರಲಿಲ್ಲ.

ಆಗಲೇ ಅವಳು ಮಾತೆತ್ತಿದ್ದು. ಹಕ್ಕಿಗೆ ಹೇಳಿದ್ದನ್ನೇ ನೀವೂ ಕೇಳಿ ಎಂದಿದ್ದರಲ್ಲ ಡಾಕ್ಟರಮ್ಮ, ಅದರದ್ದೇನಾಯಿತು ಎಂದಳು. ಚಿಕ್ಕಯ್ಯ ಮೂಡಿಗೆರೆಯ ಮನುಷ್ಯರ ಆಸ್ಪತ್ರೆಗೆ ಹೋಗಿ ಎದೆ ತೋರಿಸಿಕೊಂಡು ಬಂದ. ಧೂಳು ಬಿಡಬೇಕು, ಈಗ ಬಿಟ್ಟರೆ ಸುಧಾರಿಸುತ್ತದೆ ಎಂದರು ಅಲ್ಲಿನ ಡಾಕ್ಟರು. ಅದನ್ನು ಸಾಹುಕಾರರಿಗೆ ಹೇಳುವುದು ಹೇಗೆ ಎಂದು ಅವನು ಹಿಂದೆ ಮುಂದೆ ನೋಡಿದ. ಹಲ್ಲರ್ ಬಿಟ್ಟರೆ ತಾನು ಯಾರು ಎಂಬ ಅಳುಕೂ ಇತ್ತು. ಕೊನೆಗೆ ರೈಟರ್ ಸುರೇಂದ್ರನೇ ಬಾಯಿ ಹಾಕಿದ, ಇವನಿಗೂ ಲಾವಕ್ಕಿ ಕಾಯಿಲೆಯಂತೆ ಎಂದು. ಚಂದ್ರಶೇಖರ ಗೌಡರು ಮೊದಲು ನಕ್ಕರು. ಆಮೇಲೆ ಎದ್ದು ಬಂದು, ಹಲ್ಲರ್ ಓಡುತ್ತಿದ್ದಾಗ ಶೆಡ್ಡಿನೊಳಗೆ ಒಂದಷ್ಟು ಹೊತ್ತು ನಿಂತರು. ಹೊರಗೆ ಬಂದಾಗ ಅವರೂ ಕೆಮ್ಮುತ್ತಿದ್ದರು. ಎದುರು ಬದುರು ಗೋಡೆ ಒಡೆಸಿ ಕಿಟಕಿ ಇಡಿಸಿದರು. ಚಿಕ್ಕಯ್ಯನನ್ನು ಕಾಫಿ ಗಿಡದ ನರ್ಸರಿಗೆ ಹಾಕಿದರು. ಹಲ್ಲರಿಗೆ ಅವನ ಬದಲು ಬಂದ ಪುಟ್ಟಸ್ವಾಮಿ ಮೂಗಿಗೆ ಬಟ್ಟೆ ಕಟ್ಟಲು ನಾಚಿದಾಗ, ಚಿಕ್ಕಯ್ಯ ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು ತಾನೇ ಕಟ್ಟಿ ಕಳಿಸುತ್ತಿದ್ದ.

ಲೈನಿನವರು ಆಮೇಲೆ ತಮ್ಮ ಕೋಳಿ ಮಂಕಾದರೆ ಅವನ ಹತ್ತಿರ ಬರತೊಡಗಿದರು. ತನಗೇನೂ ಗೊತ್ತಿಲ್ಲ ಎಂದೇ ಅವನು ಹೇಳುತ್ತಿದ್ದ. ಬೇರೆ ಇಡಿ, ಹಾಸು ನೋಡಿ, ಡಾಕ್ಟರಮ್ಮನ ಹತ್ತಿರ ಹೋಗಿ ಎಂದು ಕಳಿಸುತ್ತಿದ್ದ. ಕೊಯ್ದು ನೋಡಿದ ಆ ಹಕ್ಕಿಯ ಮಾತು ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. “ನನ್ನ ಎದೆ ಒಳಗೆ ಎಂತ ಆಗ್ತಾ ಇತ್ತೋ ನಂಗೆ ತೋರ್ಸಿದ್ದು ಅದು,” ಎನ್ನುತ್ತಿದ್ದ. ದೇವರಿಗೆ ದೀಪ ಹಚ್ಚುವಾಗ ಮುತ್ತಮ್ಮ ಅದನ್ನೂ ಸೇರಿಸಿ ಕೈ ಮುಗಿಯುತ್ತಾಳೆಂದು ಅವನಿಗೆ ಗೊತ್ತಿತ್ತು. ಹೆಣ್ಣುಗಳಿಗೆ ಜೊತೆಯಾಗಲೆಂದು ದಿಲೀಪ ಎಲ್ಲಿಂದಲೋ ಒಂದು ಹೊಸ ಗಂಡನ್ನೂ ತಂದುಕೊಟ್ಟ.

ಕೆಲವು ವರ್ಷಗಳ ಮೇಲೆ ಡಾಕ್ಟರ್ ಸರ್ವಮಂಗಳಾ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಸುದ್ದಿ ತಿಳಿದ ದಿನವೇ ಗಂಡಹೆಂಡಿರು ಲಾವಕ್ಕಿಯ ಮೊಟ್ಟೆಗಳನ್ನು ಕೂಡಿಡತೊಡಗಿದರು. ಹೊರಡುವ ಬೆಳಿಗ್ಗೆ ಅವನ್ನು ರಾಗಿಯಲ್ಲಿ ಹುದುಗಿಸಿ ಬುಟ್ಟಿಗೆ ಇಟ್ಟು ಮೂಡಿಗೆರೆ ಬಸ್ ಸ್ಟ್ಯಾಂಡಿಗೆ ಬಂದರು. ಡಾಕ್ಟರಮ್ಮ ಕಿಟಕಿಯ ಬದಿಯಲ್ಲಿ ಕೂತಿದ್ದರು. ಹಕ್ಕಿಗಳ ಕ್ಷೇಮ ಕೇಳಿದರು, ಭವ್ಯಾಳ ಮಗುವಿನ ಕ್ಷೇಮ ಕೇಳಿದರು. ಮುತ್ತಮ್ಮ ಕಿಟಕಿಯ ಅಂಚು ಹಿಡಿದುಕೊಂಡು ಮಾತಾಡುತ್ತಲೇ ಇದ್ದಳು. ಕಂಡಕ್ಟರ್ ಸೀಟಿ ಊದಿ ಬಸ್ಸು ಹೊರಟೇಬಿಟ್ಟಿತು.

ಬುಟ್ಟಿ ಚಿಕ್ಕಯ್ಯನ ಕೈಯಲ್ಲೇ ಇತ್ತು.

ಅವನು ಓಡಿದ. ಪಂಚೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಬುಟ್ಟಿಯನ್ನು ಅಲುಗದಂತೆ ಹಿಡಿದು, ಹೂವಿನಂಗಡಿ ದಾಟಿ, ಏರು ರಸ್ತೆಯ ತಿರುವಿನವರೆಗೂ ಬಸ್ಸಿನ ಪಕ್ಕದಲ್ಲೇ ಓಡಿ, ಕಿಟಕಿಯಿಂದ ಚಾಚಿದ ಡಾಕ್ಟರಮ್ಮನ ಕೈಗಳಿಗೆ ಬುಟ್ಟಿ ಒಪ್ಪಿಸಿದ. ಅವರು ಏನೋ ಅಂದರು, ಬಸ್ಸಿನ ಸದ್ದಿನಲ್ಲಿ ಕೇಳಲಿಲ್ಲ. ಅವನ ಕಡೆ ಬೆರಳು ತೋರಿಸಿ ನಗುತ್ತಿದ್ದರು.

ಯಾಕೆ ನಗುತ್ತಿದ್ದಾರೆ ಎಂದು ಮೊದಲು ತಿಳಿಯಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗಿ, ಹಿಂದಿನಿಂದ ಮುತ್ತಮ್ಮ ಬಿರಬಿರನೆ ಬಂದು ಪಕ್ಕದಲ್ಲಿ ನಿಂತು ಏದುಸಿರು ಬಿಡತೊಡಗಿದಾಗ, ತಾನು ಒಮ್ಮೆಯೂ ಕೆಮ್ಮದೆ ಓಡಿದ್ದು, ಅವಳಿಗಿಂತ ತನ್ನ ಉಸಿರೇ ಮೊದಲು ಹದಕ್ಕೆ ಬಂದದ್ದು ಅವನ ಗಮನಕ್ಕೆ ಬಂತು. ಅವಳ ಬೆನ್ನು ಸವರುತ್ತ ಅವನು ಆ ಏರಿನಲ್ಲಿ ಸುಮ್ಮನೆ ನಿಂತ.